1453 ಗೊತ್ತು, ಏನಾಯಿತೋ ಗೊತ್ತಿಲ್ಲ

ಪ್ರೌಢಶಾಲೆಯ ಸಮಾಜ ವಿಜ್ಞಾನದ ಪ್ರಶ್ನೆಪತ್ರಿಕೆ ತೆಗೆಯುವ ಮಾನ್ಯರಿಗೆ,

ಬೆಟಗೇರಿಯಲ್ಲಿರುವ ನಿವೃತ್ತ ಮಾಸ್ತರನೊಬ್ಬನ ನಮಸ್ಕಾರಗಳು.

ಕಳೆದ ತಿಂಗಳು ಗದಗಿನಿಂದ ಹುಬ್ಬಳ್ಳಿಗೆ ಹೊರಟಿದ್ದೆ. ಬಸ್ಸಿನ ಕಂಡಕ್ಟರ್ ನನ್ನ ಕೈಗೆ ಟಿಕೆಟ್ ಕೊಟ್ಟು, ದುಡ್ಡನ್ನು ಮಾತ್ರ ತನ್ನ ಜೇಬಿನಿಂದ ತೆಗೆದು ಚೀಲಕ್ಕೆ ಹಾಕಿಕೊಂಡ. ಯಾಕಪ್ಪಾ ಎಂದರೆ, "ನಾನು ನಿಮ್ಮ ವಿದ್ಯಾರ್ಥಿ ಸರ್. 1453! ಇನ್ನೂ ಮರೆತಿಲ್ಲ ನೋಡಿ" ಎಂದ. ನನಗೆ ಎದೆ ಉಬ್ಬಿತು. "ಭೇಷ್! 1453ರಲ್ಲಿ ಏನಾಯಿತು ಹೇಳು" ಎಂದೆ. ಅವನು ಕಿವಿಯ ಹಿಂದೆ ಕೆರೆದುಕೊಂಡು, "ಅದು ನೆನಪಿಲ್ಲ ಸರ್. ಉತ್ತರ 1453 ಎನ್ನುವುದು ಮಾತ್ರ ಗೊತ್ತು" ಎಂದ. ಅಕ್ಕಪಕ್ಕದವರು ನಕ್ಕರು, ನಾನೂ ನಕ್ಕೆ. ಅಣ್ಣಿಗೇರಿ ದಾಟುವ ಹೊತ್ತಿಗೆ ನನ್ನ ನಗು ಆರಿಹೋಗಿತ್ತು.

ಗದಗ, ಹಾವೇರಿ ಜಿಲ್ಲೆಗಳ ಸರಕಾರಿ ಪ್ರೌಢಶಾಲೆಗಳಲ್ಲಿ ಮೂವತ್ತೊಂದು ವರ್ಷ ಸಮಾಜ ವಿಜ್ಞಾನ ಕಲಿಸಿದವನು ನಾನು. ಆ ಇಸವಿಯನ್ನು ಅವನ ಬಾಯಿಗೆ ತುರುಕಿದವನೂ ನಾನೇ. ಆದ್ದರಿಂದ ಈ ಪತ್ರವನ್ನು ನಿಮ್ಮ ಮೇಲಿನ ದೂರು ಎಂದಷ್ಟೇ ಓದಬೇಡಿ. ಅರ್ಧ ತಪ್ಪು ನನ್ನದು. ಅದನ್ನು ಕೊನೆಗೆ ಒಪ್ಪಿಸುತ್ತೇನೆ.

1453ರಲ್ಲಿ ಅಟೊಮನ್ ತುರ್ಕರು ಕಾನ್‌ಸ್ಟಾಂಟಿನೋಪಲ್ ನಗರವನ್ನು ಹಿಡಿದರು. ವ್ಯಾಪಾರದ ಹೆಬ್ಬಾಗಿಲು ಮುಚ್ಚಿತು, ಯುರೋಪಿನವರು ಸಮುದ್ರದ ದಾರಿ ಹುಡುಕಿದರು. ಮಕ್ಕಳು ಇಷ್ಟು ಬರೆದರೆ ಅಂಕ ಬಂದಂತೆಯೇ. (ಹೆಬ್ಬಾಗಿಲು ಅಂದೇ ಪೂರ್ತಿ ಮುಚ್ಚಿರಲಿಲ್ಲ, ವೆನಿಸ್ಸಿನ ವರ್ತಕರು ಆಮೇಲೂ ಮೆಣಸು ಮಾರುತ್ತಲೇ ಇದ್ದರು. ಆ ತಕರಾರನ್ನು ಇಲ್ಲಿ ತೆಗೆಯುವುದಿಲ್ಲ.) ಆದರೆ ಆ ಬಾಗಿಲಲ್ಲಿ ಹಾದುಹೋಗುತ್ತಿದ್ದ ಸರಕು ಯಾರ ತೋಟದ್ದು ಎಂದು ನಾವು ಮಕ್ಕಳನ್ನು ಕೇಳಿದ್ದೇವೆಯೇ? ಹಾವೇರಿ ದಾಟಿ, ಶಿರಸಿ ದಾಟಿ, ಘಟ್ಟ ಇಳಿದರೆ ಗೇರುಸೊಪ್ಪೆ. ಅಲ್ಲಿಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರೇ ಮೆಣಸಿನ ರಾಣಿ ಎಂದು ಕರೆದರು. ಕಾಳುಮೆಣಸು ಒಯ್ಯಲು ಬಂದ ಆ ಜನರ ಹಿಂದೆಯೇ ಅಮೆರಿಕ ಖಂಡದ ಮೆಣಸಿನಕಾಯಿಯೂ ಇಲ್ಲಿಗೆ ಬಂತು. ಬ್ಯಾಡಗಿಯ ಪೇಟೆಯಲ್ಲಿ ಸೀನುತ್ತ ಓಡಾಡುವ ಹುಡುಗನಿಗೆ ಆ ಕಾಯಿ ತನ್ನ ಊರಿಗೆ ವಲಸೆ ಬಂದ ಬೆಳೆ ಎಂದು ಹೇಳಿ ನೋಡಿ. ಮೊದಲು ನಂಬುವುದಿಲ್ಲ, ನಂಬಿದ ಮೇಲೆ ನಿಮ್ಮನ್ನು ಬಿಡುವುದಿಲ್ಲ.

ಇದು ನನಗೆ ಅರ್ಥವಾದದ್ದು ತಡವಾಗಿ. 2022ರ ಮಾರ್ಚ್ 1ರಂದು ಖಾರ್ಕಿವ್ ನಗರದ ಮೇಲಿನ ಶೆಲ್ ದಾಳಿಯಲ್ಲಿ ನಮ್ಮ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ತೀರಿಕೊಂಡ. ಆಗ ನಾನು ಅದೇ ಜಿಲ್ಲೆಯ ಶಾಲೆಯೊಂದರಲ್ಲಿದ್ದೆ. ಹತ್ತನೆಯ ತರಗತಿಯ ಪರೀಕ್ಷೆಗೆ ನಾಲ್ಕು ವಾರ ಉಳಿದಿತ್ತು. ನಾನು ಪುನರಾವರ್ತನೆಯ ಹಾಳೆಗಳನ್ನು ಹಂಚುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸರ್, ಆ ದೇಶದವರಿಗೆ ಏನು ಜಗಳ?" ಎಂದ. ಇಡೀ ತರಗತಿ ನನ್ನ ಕಡೆ ತಿರುಗಿತು. ರಷ್ಯಾದ ಕ್ರಾಂತಿ, ಶೀತಲ ಸಮರ ಎರಡನ್ನೂ ಆ ವರ್ಷ ನಾನೇ "ಪಾಠದ ಹಿಂದಿನ ಪ್ರಶ್ನೆಗಳನ್ನಷ್ಟೇ ನೋಡಿಕೊಳ್ಳಿ" ಎಂದು ಮುಗಿಸಿದ್ದೆ. ಪಾಸಾಗಲು ಬೇಕಾದಷ್ಟನ್ನೇ ಆಯ್ದು ಕೊಡುವ ಪಾಸಿಂಗ್ ಪ್ಯಾಕೇಜಿನಲ್ಲಿ ಅವಕ್ಕೆ ಜಾಗವಿರಲಿಲ್ಲ.

ಹಾಳೆಗಳನ್ನು ಮೇಜಿನ ಮೇಲಿಟ್ಟು ಹೇಳತೊಡಗಿದೆ. 1917ರ ಕ್ರಾಂತಿ, 1922ರಲ್ಲಿ ಹುಟ್ಟಿದ ಸೋವಿಯತ್ ಒಕ್ಕೂಟ, 1934ರವರೆಗೆ ಸೋವಿಯತ್ ಉಕ್ರೇನಿನ ರಾಜಧಾನಿ ಇದೇ ಖಾರ್ಕಿವ್ ಆಗಿದ್ದದ್ದು, ಜಗತ್ತಿಗೇ ಗೋಧಿ ಕೊಡಬಲ್ಲ ಕಪ್ಪು ಮಣ್ಣಿನ ಆ ನಾಡಿನಲ್ಲಿ 1932-33ರಲ್ಲಿ ಸ್ಟಾಲಿನ್ ಆಡಳಿತ ರೈತರ ಕಣಜ ಬಳಿದುಕೊಂಡು ಹೋಗಿ ಲಕ್ಷಾಂತರ ಜನ ಹಸಿವಿನಿಂದ ಸತ್ತದ್ದು, 1991ರಲ್ಲಿ ಒಕ್ಕೂಟ ಒಡೆದದ್ದು. ಕಪ್ಪು ಮಣ್ಣು ಎಂದಾಗ ಒಬ್ಬಳು, "ನಮ್ಮ ಎರೆಹೊಲದ ಹಾಗೆಯೇ?" ಎಂದಳು. ಇನ್ನೊಬ್ಬ, ಅಂಗಡಿಯವರ ಮಗ, ಅಡುಗೆ ಎಣ್ಣೆಯ ಬೆಲೆ ವಾರದಲ್ಲೇ ಏರಿದೆ ಎಂದು ಲೆಕ್ಕ ಹೇಳಿದ. ನಮ್ಮ ದೇಶ ತರಿಸಿಕೊಳ್ಳುವ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಉಕ್ರೇನ್ ಮತ್ತು ರಷ್ಯಾಗಳಿಂದ ಬರುತ್ತದೆ. ನಮ್ಮ ಸೀಮೆಯ ಹೊಲಗಳಲ್ಲಿ ಅರಳುವ ಸೂರ್ಯಕಾಂತಿಯ ಕತೆ ಇನ್ನೂ ಸೊಗಸು. ಗಿಡ ಮೂಲತಃ ಉತ್ತರ ಅಮೆರಿಕದ್ದು, ಎಣ್ಣೆಕಾಳಾಗಿ ಪಳಗಿದ್ದು ರಷ್ಯಾದಲ್ಲಿ, ಎಣ್ಣೆ ಬೆಳೆಯಾಗಿ ಅದರ ತಳಿಗಳು ಭಾರತಕ್ಕೆ ಬಂದದ್ದು 1969ರಲ್ಲಿ, ಅದೇ ಸೋವಿಯತ್ ಒಕ್ಕೂಟದಿಂದ. ಗಂಟೆ ಬಾರಿಸಿದರೂ ಯಾರೂ ಏಳಲಿಲ್ಲ. ಅಂಕವಿಲ್ಲದ ಪಾಠಕ್ಕೆ ಮಕ್ಕಳು ಹಾಗೆ ಕುಳಿತದ್ದನ್ನು ನನ್ನ ಸೇವೆಯಲ್ಲಿ ಅದೇ ಮೊದಲ ಸಲ ಕಂಡೆ.

ಈಗ ಹತ್ತಿಯ ಮಾತು. ಇದಕ್ಕೆ ಸ್ವಲ್ಪ ಹೆಚ್ಚು ಜಾಗ ಬೇಕು, ದಯವಿಟ್ಟು ಕೊಡಿ.

1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ಹತ್ತಿ ಬೆಳೆಗಾರರನ್ನು ಕರೆಸಿಕೊಂಡಿತ್ತು. ಅವರೊಂದಿಗೆ ಬಂದ ನ್ಯೂ ಆರ್ಲಿಯನ್ಸ್ ಬೀಜ ದೇಶದ ಹೆಚ್ಚಿನ ಕಡೆ ಕೈಕೊಟ್ಟಿತು, ಧಾರವಾಡ ಸೀಮೆಯಲ್ಲಿ ಬೇರೂರಿತು. ಇಂಗ್ಲೆಂಡಿನ ಪೇಟೆಯಲ್ಲಿ ಅದಕ್ಕೆ "ಧಾರವಾರ್ ಅಮೆರಿಕನ್" ಎಂದೇ ಹೆಸರು. ನಮ್ಮ ನಾಟಿ ಹತ್ತಿಗೆ, ಅದು ಹಡಗೇರುತ್ತಿದ್ದ ಬಂದರಿನಿಂದಾಗಿ, "ಕುಮಟಾ" ಎಂಬ ಹೆಸರು. ಕುಮಟೆಯಲ್ಲಿ ಹತ್ತಿಯ ಒಂದು ಗಿಡವೂ ಇರಲಿಲ್ಲವೇನೋ, ಹೆಸರು ಮಾತ್ರ ಅದರದ್ದಾಯಿತು. ಬೆಳೆದವನ ಊರಿಗಿಂತ ಸಾಗಿಸಿದವನ ಊರು ದೊಡ್ಡದಾಗುವುದು ಹಳೆಯ ಚಾಳಿ.

1861ರ ಏಪ್ರಿಲ್‌ನಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಯಿತು. ಲಿಂಕನ್ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದ. ಇಂಗ್ಲೆಂಡಿನ ಗಿರಣಿಗಳಿಗೆ ಬೇಕಾದ ಹತ್ತಿಯ ಮುಕ್ಕಾಲು ಪಾಲು ಬರುತ್ತಿದ್ದದ್ದು ಅಲ್ಲಿಂದ. ಅದನ್ನು ಬೆಳೆದು ಬಿಡಿಸುತ್ತಿದ್ದವರು ಗುಲಾಮರು. 1860ರ ಜನಗಣತಿಯಲ್ಲಿ ಆ ದೇಶದ ಒಟ್ಟು ಗುಲಾಮರ ಸಂಖ್ಯೆ ಸುಮಾರು 40 ಲಕ್ಷ. ಹತ್ತಿ ಬರುವುದು ನಿಂತಿತು, ಲಂಕಾಷೈರಿನ ಗಿರಣಿಗಳೂ ನಿಂತವು. ಆಗ ಇಂಗ್ಲೆಂಡಿನವರ ಕಣ್ಣು ನಮ್ಮ ಎರೆಹೊಲಗಳ ಮೇಲೆ ಬಿತ್ತು. ಬೆಲೆ ಏರಿತು, ಜೋಳ ಬಿತ್ತುತ್ತಿದ್ದವರೂ ಹತ್ತಿ ಬಿತ್ತಿದರು, ಸಾಲ ಕೊಡುವವರು ಬಾಗಿಲಿಗೇ ಬಂದರು. ಇದರ ಅಬ್ಬರ ಎಷ್ಟಿತ್ತೆಂದರೆ ನಕಾಶೆಯೇ ಬದಲಾಯಿತು. ಮದ್ರಾಸ್ ಪ್ರಾಂತದಲ್ಲಿದ್ದ ಕೆನರಾ ಜಿಲ್ಲೆಯ ಉತ್ತರ ಭಾಗವನ್ನು 1862ರಲ್ಲಿ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಕಾರವಾರವನ್ನು ಬಂದರಾಗಿ ಬೆಳೆಸಿ ಧಾರವಾಡದ ಹತ್ತಿಯನ್ನು ಘಟ್ಟ ಇಳಿಸುವುದು ಅದರ ಹಿಂದಿನ ದೊಡ್ಡ ಉದ್ದೇಶ. 1865ರಲ್ಲಿ ಯುದ್ಧ ಮುಗಿಯಿತು. ಹತ್ತಿಯ ಬೆಲೆ ಕುಸಿಯಿತು, ಮುಂಬಯಿಯ ಷೇರು ಪೇಟೆ ಮುಗ್ಗರಿಸಿತು, ಇಲ್ಲಿ ರೈತನ ಮನೆಯಲ್ಲಿ ಸಾಲದ ಪತ್ರ ಉಳಿಯಿತು. ಅದಾಗಿ ಹನ್ನೊಂದು ವರ್ಷಕ್ಕೆ, 1876ರಲ್ಲಿ, ದೊಡ್ಡ ಬರ ಬಂತು.

ಇದನ್ನು ಗದಗ ಜಿಲ್ಲೆಯ ಶಾಲೆಯೊಂದರಲ್ಲಿ ಹೇಳಿದಾಗ ರೋಣದ ಕಡೆಯ ಹತ್ತಿ ಬೆಳೆಗಾರರ ಮಗಳೊಬ್ಬಳು ಕೇಳಿದ್ದಳು: "ಹಾಗಾದರೆ ಸರ್, ಅಲ್ಲಿ ಗುಲಾಮರು ಬಿಡುಗಡೆಯಾದದ್ದರಿಂದ ಇಲ್ಲಿ ನಮ್ಮವರಿಗೆ ನಷ್ಟವಾಯಿತೇ? ನಾವು ಯಾರ ಪರ ಇರಬೇಕು?"

ಮಾನ್ಯರೇ, ಈ ಪ್ರಶ್ನೆಗೆ ಯಾವ ಗೈಡಿನಲ್ಲೂ ಉತ್ತರವಿಲ್ಲ. ನನಗೂ ತಕ್ಷಣಕ್ಕೆ ಹೊಳೆಯಲಿಲ್ಲ. ಬೆಲೆ ಬೀಳಿಸಿದ್ದು ಬಿಡುಗಡೆಯಲ್ಲ, ಮತ್ತೆ ತೆರೆದ ಬಂದರು ಮತ್ತು ಗಿರಣಿ ಮಾಲೀಕರ ಲೆಕ್ಕಾಚಾರ ಎಂದು ಮರುದಿನ ಹೇಳಿದೆ. ಯುದ್ಧ ಮುಗಿದ ಮೇಲೂ ಅಮೆರಿಕದ ಹತ್ತಿ ಹೊಲಗಳಲ್ಲಿ ಅದೇ ಕರಿಯ ಜನ ಪಾಲುದಾರಿಕೆಯ ಹೆಸರಿನಲ್ಲಿ, ಸಾಲದ ಕುಣಿಕೆಯಲ್ಲಿ ದುಡಿದರೆಂದೂ ಹೇಳಿದೆ. ಮ್ಯಾಂಚೆಸ್ಟರಿನ ಗಿರಣಿ ಕೆಲಸಗಾರರ ಸಂಗತಿಯನ್ನೂ ಹೇಳಿದೆ. ಹೊಟ್ಟೆಗಿಲ್ಲದಿದ್ದರೂ ಅವರು 1862ರ ಕೊನೆಯ ದಿನ ಸಭೆ ಸೇರಿ ಗುಲಾಮಗಿರಿಯ ವಿರುದ್ಧ ಲಿಂಕನ್ ಪರ ನಿಂತರು. ಮುಂದಿನ ತಿಂಗಳು ಲಿಂಕನ್ ಅವರಿಗೆ ಪತ್ರ ಬರೆದು ನೆನೆದ. ಆ ಹುಡುಗಿ ಸುಮ್ಮನೆ ಕೇಳಿಸಿಕೊಂಡಳು. ಒಪ್ಪಿದಳೋ ಇಲ್ಲವೋ ಗೊತ್ತಾಗಲಿಲ್ಲ. 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಸರಕಿನ ಮೇಲೆ ಶೇ 50ರ ಸುಂಕ ಹೇರಿತು. ಅದೇ ತಿಂಗಳು ಹೊರಗಿನಿಂದ ಬರುವ ಹತ್ತಿಯ ಮೇಲಿನ ಶೇ 11ರ ಸುಂಕವನ್ನು ನಮ್ಮ ಕೇಂದ್ರ ಸರಕಾರ ತಾತ್ಕಾಲಿಕವಾಗಿ ಕೈಬಿಟ್ಟಿತು. ಪತ್ರಿಕೆಯಲ್ಲಿ ಅದನ್ನು ಓದಿದಾಗ ಅವಳ ಮುಖ ಕಣ್ಣೆದುರು ಬಂತು. ಈಗ ಎಲ್ಲಿದ್ದಾಳೋ. ಅವಳ ಅಪ್ಪ ಆ ವರ್ಷ ಹತ್ತಿಯನ್ನು ದಲಾಲಿ ಅಂಗಡಿಗೆ ಯಾವ ಬೆಲೆಗೆ ಹಾಕಿದರೋ.

ನಾನಿರುವ ಬೆಟಗೇರಿಯಲ್ಲಿ ಒಂದು ಆಸ್ಪತ್ರೆಯಿದೆ. ಜನ ಅದನ್ನು ಜರ್ಮನ್ ಆಸ್ಪತ್ರೆ ಎನ್ನುತ್ತಾರೆ. ಮಕ್ಕಳು ದಿನವೂ ಅದರ ಮುಂದೆ ಹಾದುಹೋಗುತ್ತಾರೆ. ಬೆಟಗೇರಿಗೂ ಜರ್ಮನಿಗೂ ಎತ್ತಣ ನಂಟು ಎಂದು ಕೇಳಿದ ಒಂದು ಪ್ರಶ್ನೆಪತ್ರಿಕೆಯನ್ನೂ ನಾನು ನೋಡಿಲ್ಲ. ಸ್ವಿಟ್ಜರ್ಲೆಂಡಿನದಾದರೂ ಜರ್ಮನ್ನರೇ ಹೆಚ್ಚಿದ್ದ ಬಾಸೆಲ್ ಮಿಷನ್ನಿನ ಪಾದ್ರಿಗಳು 1837ರಲ್ಲಿ ಧಾರವಾಡಕ್ಕೆ ಬಂದರು, ಮುಂದೆ ಹುಬ್ಬಳ್ಳಿಗೆ, ಬೆಟಗೇರಿಗೆ. ಅದೇ ಮಿಷನ್ನಿನ ಕಿಟ್ಟೆಲ್ ಕೊಟ್ಟ ನಿಘಂಟು 1894ರದು. ಇಷ್ಟು ಕನ್ನಡ ಮಾಸ್ತರರು ಹೇಳುತ್ತಾರೆ. ಇದರ ಇನ್ನೊಂದು ಅರ್ಧವನ್ನು ಇತಿಹಾಸದ ಮಾಸ್ತರ ಹೇಳಬೇಕು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಈ ಮಿಷನ್ನಿನ ಜರ್ಮನ್ನರು ಒಮ್ಮೆಲೇ ಶತ್ರು ದೇಶದವರಾದರು. ಬ್ರಿಟಿಷರು ಅವರನ್ನು ಹಿಡಿದಿಟ್ಟು ಬಳಿಕ ದೇಶದಿಂದ ಹೊರಗೆ ಕಳಿಸಿದರು, ಮಿಷನ್ನಿನ ಕಾರ್ಖಾನೆಗಳನ್ನು ಬೇರೆಯವರಿಗೆ ಒಪ್ಪಿಸಿದರು. ಮಹಾಯುದ್ಧದ ಪಾಠ ನಮ್ಮ ಬೀದಿಯಲ್ಲೇ ಇದೆ. ನಾವು ಮಾತ್ರ ಸರಾಯೆವೊದಲ್ಲಿ ಕೊಲೆಯಾದವನ ಹೆಸರನ್ನೇ ಕೇಳುತ್ತ ಕೂತಿದ್ದೇವೆ. ಗದಗಿನ ಕಣಗಿನಹಾಳದಲ್ಲಿ 1905ರಲ್ಲಿ ಹುಟ್ಟಿದ ಸಹಕಾರಿ ಸಂಘದ ಮಾತೂ ಇದೇ. ಸಿದ್ದನಗೌಡ ಪಾಟೀಲರ ಹೆಸರು ಮಕ್ಕಳಿಗೆ ಗೊತ್ತು. ಆದರೆ ರೈತರೇ ಕೂಡಿ ರೈತರಿಗೆ ಸಾಲ ಕೊಡುವ ಆ ಬಗೆಯ ಸಂಘಕ್ಕೆ ದಾರಿ ತೋರಿದ್ದು ಜರ್ಮನಿಯ ಹಳ್ಳಿಗಳಲ್ಲಿ ರೈಫೈಸನ್ ಕಟ್ಟಿದ ಸಂಘಗಳು ಎಂಬುದು ಗೊತ್ತಿಲ್ಲ.

ಇನ್ನೊಂದು ಕಹಿ ಸಂಗತಿ ಹೇಳಲೇಬೇಕು. ನಿವೃತ್ತಿಗೆ ಒಂದೆರಡು ವರ್ಷ ಮೊದಲು "ನಿಮಗೆ ಇಷ್ಟವಾದ ನಾಯಕ" ಎಂದು ಬರೆಯಲು ಹೇಳಿದಾಗ ಒಂದೇ ತರಗತಿಯಲ್ಲಿ ನಾಲ್ಕು ಹುಡುಗರು ಹಿಟ್ಲರ್ ಎಂದು ಬರೆದರು. ಬೈಯುವ ಮೊದಲು ವಿಚಾರಿಸಿದೆ. ಮೊಬೈಲಿನಲ್ಲಿ ನೋಡಿದ್ದರು: ಗಡಸು ಸಂಗೀತ, ಸಾಲು ಸಾಲು ಸೈನಿಕರು, ಕೆಳಗೆ ಕನ್ನಡದಲ್ಲಿ ನಾಲ್ಕು ವೀರಾವೇಶದ ಮಾತು. ಇದೇ ಹುಡುಗರು ಕಿರುಪರೀಕ್ಷೆಯಲ್ಲಿ ನಾಜಿವಾದದ ಲಕ್ಷಣಗಳನ್ನು ಬರೆದು ಪೂರ್ತಿ ಅಂಕ ಪಡೆದಿದ್ದರು! ಉತ್ತರವೂ ಗೊತ್ತು, ಹಿಟ್ಲರನೂ ಇಷ್ಟ. ಎರಡರ ನಡುವೆ ಗೋಡೆ ಕಟ್ಟಿಕೊಟ್ಟವರು ನಾವು. ಅವನು 1933ರ ಜನವರಿ 30ರಂದು ಕುರ್ಚಿ ಹತ್ತಿದ್ದು ಕೋಟೆ ಗೆದ್ದಲ್ಲ, ಅಧ್ಯಕ್ಷರೇ ನೇಮಿಸಿದ್ದರಿಂದ. ಮಾರ್ಚ್ 23ಕ್ಕೆ ಸಂಸತ್ತೇ ಕೂತು ತನ್ನ ಅಧಿಕಾರವನ್ನು ಅವನ ಕೈಗೆ ಬರೆದುಕೊಟ್ಟಿತು. ಅದೇ ವರ್ಷ ಅಗ್ಗದ ರೇಡಿಯೊವೊಂದನ್ನು ಮಾರುಕಟ್ಟೆಗೆ ಬಿಟ್ಟರು, ಒಂದೇ ದನಿ ಮನೆಮನೆಗೆ ಮುಟ್ಟಲಿ ಎಂದು. ಮುಂದಿನ ಹನ್ನೆರಡು ವರ್ಷದಲ್ಲಿ 60 ಲಕ್ಷ ಯಹೂದಿಗಳ ಕೊಲೆಯಾಯಿತು. ಪ್ರತಿ ಹೆಜ್ಜೆಗೂ ಒಂದು ಕಾಗದ, ಒಂದು ಸಹಿ, ಒಬ್ಬ ಗುಮಾಸ್ತ ಇದ್ದ. ಇದನ್ನು ತಿಂಗಳು ತಿಂಗಳಾಗಿ ಬಿಡಿಸಿ ಹೇಳಲು ನಾನು ಎರಡು ಪಿರಿಯಡ್ ತೆಗೆದುಕೊಂಡೆ. ಆ ವಾರ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಪಾಠ ಹಿಂದೆ ಬಿದ್ದಿದೆ ಎಂದು ದಾಖಲೆಯಲ್ಲಿ ಬರೆದು ಹೋದರು.

ಪರದೇಶದ ಕತೆ ಯಾಕೆ, ಮೊದಲು ನಮ್ಮದನ್ನು ಕಲಿಸಿ ಎಂದು ಹೇಳುವವರಿದ್ದಾರೆ. ಸಹೋದ್ಯೋಗಿಗಳಲ್ಲೂ ಇದ್ದರು, ಒಳ್ಳೆಯ ಮಾಸ್ತರರೇ. ನಾನು ಅವರಿಗೆ ಹೇಳುತ್ತಿದ್ದದ್ದು ಇಷ್ಟು: ನಮ್ಮದು ಎಂದರೆ ಎಲ್ಲಿಯವರೆಗೆ? ಐಹೊಳೆಯ ಹೆಸರು ಹೊತ್ತ ಐನೂರ್ವರು ವ್ಯಾಪಾರಿ ಕೂಟವು ಸುಮಾತ್ರಾ ದ್ವೀಪದ ಬಾರೂಸ್‌ನಲ್ಲಿ 1088ರಲ್ಲಿ ಶಾಸನ ನೆಟ್ಟಿದೆ, ತಮಿಳಿನಲ್ಲಿ. ಅದು ನಮ್ಮ ಇತಿಹಾಸವೋ ಅವರದೋ? ನಮ್ಮ ತಾಟಿನ ಜೋಳವೇ ಸಾವಿರಾರು ವರ್ಷದ ಹಿಂದೆ ಆಫ್ರಿಕದಿಂದ ಬಂದದ್ದು. ರೊಟ್ಟಿ ಬಡಿಯುವ ಕೈ ನಮ್ಮದು, ಸಾಕು. ಇನ್ನು, ಇತಿಹಾಸ ಓದಿದರೆ ನೌಕರಿ ಸಿಗುತ್ತದೆಯೇ ಎಂದು ಕೇಳುವ ಪಾಲಕರಿಗೆ ನನ್ನ ಬಳಿ ಉತ್ತರವಿಲ್ಲ. ನನಗೆ ಸಿಕ್ಕಿತ್ತು ಎನ್ನಬಹುದು ಅಷ್ಟೇ.

ನನ್ನ ಕೋರಿಕೆ ದೊಡ್ಡದಲ್ಲ. ಹೊಸ ಪುಸ್ತಕ ಬೇಡ. ಪುಸ್ತಕ ಬದಲಿಸಲು ಹೋದರೆ ಏನೇನಾಗುತ್ತದೆ ಎಂಬುದನ್ನು ನಾವೆಲ್ಲ ಕಂಡಿದ್ದೇವೆ. 80 ಅಂಕದ ಪತ್ರಿಕೆಯಲ್ಲಿ ನಾಲ್ಕೇ ಅಂಕ ಬಿಟ್ಟುಕೊಡಿ. ಅಲ್ಲಿ ಹೀಗೆ ಕೇಳಿ: "ಜಗತ್ತಿನ ಇತಿಹಾಸದಲ್ಲಿ ನೀವು ಓದಿದ ಒಂದು ಘಟನೆ ನಿಮ್ಮ ಊರಿನ ಬೆಳೆ, ಕಸುಬು, ಕಟ್ಟಡ ಅಥವಾ ಕುಟುಂಬವನ್ನು ಹೇಗೆ ಮುಟ್ಟಿತು? ಬರೆಯಿರಿ." ಪ್ರಶ್ನೆಪತ್ರಿಕೆ ಬದಲಾದರೆ ಜೂನ್ ತಿಂಗಳಲ್ಲೇ ಪಾಠ ಬದಲಾಗುತ್ತದೆ. ಯಾವ ಪಾಠಕ್ಕೆ ಎಷ್ಟು ಅಂಕ ಎಂಬ ನೀಲನಕ್ಷೆ ನೋಡಿಯೇ ಪಾಠ ಮಾಡುವ ಜಾತಿ ನಮ್ಮದು, ಇದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಗದಗಿನ ಹುಡುಗಿ ಹತ್ತಿಯ ಬಗ್ಗೆ ಬರೆಯಲಿ, ಹುಬ್ಬಳ್ಳಿಯವನು ಬೆಂಗೇರಿಯಲ್ಲಿ ರಾಷ್ಟ್ರಧ್ವಜ ಹೊಲಿಯುವ ತನ್ನ ತಾಯಿಯಿಂದ ಶುರುಮಾಡಿ ಮ್ಯಾಂಚೆಸ್ಟರಿನ ಮಗ್ಗದವರೆಗೆ ಹೋಗಲಿ. ದಾರಿ ತಪ್ಪಿದರೂ ತಪ್ಪಲಿ.

ಮೌಲ್ಯಮಾಪನ ಕಷ್ಟ ಎನ್ನುತ್ತೀರಿ. ಒಂದೊಂದು ಮಗು ಒಂದೊಂದು ಬರೆದರೆ ಮಾದರಿ ಉತ್ತರ ಕೊಡುವುದು ಹೇಗೆ? ನ್ಯಾಯವಾದ ಮಾತು. ನಾನು ಒಪ್ಪಿಸುತ್ತೇನೆಂದ ತಪ್ಪು ಇಲ್ಲೇ ಇದೆ.

ಎಷ್ಟೋ ವರ್ಷದ ಹಿಂದೆ ಒಂದು ಮೌಲ್ಯಮಾಪನ ಕೇಂದ್ರದಲ್ಲಿ ಕೂತಿದ್ದೆ. ಬಿರುಬಿಸಿಲು, ಮಧ್ಯಾಹ್ನದ ಕಂತೆ. ಎರಡನೆಯ ಮಹಾಯುದ್ಧದ ಪರಿಣಾಮಗಳ ಬಗ್ಗೆ ನಾಲ್ಕು ಅಂಕದ ಪ್ರಶ್ನೆ. ಮಾದರಿ ಉತ್ತರದಲ್ಲಿ ವಿಶ್ವಸಂಸ್ಥೆ ಹುಟ್ಟಿತು, ಶೀತಲ ಸಮರ ಬಂತು, ವಸಾಹತುಗಳು ಬಿಡುಗಡೆಯಾದವು, ಇಂಥ ಅಂಶಗಳಿದ್ದವು. ಒಬ್ಬ ವಿದ್ಯಾರ್ಥಿ ಅವುಗಳಲ್ಲಿ ಎರಡನ್ನು ಬರೆದು, ಆಮೇಲೆ ಮುಕ್ಕಾಲು ಪುಟ ತನ್ನ ಮುತ್ತಜ್ಜನ ಬಗ್ಗೆ ಬರೆದಿದ್ದ. ಯುದ್ಧದ ಕಾಲದಲ್ಲಿ ಸರಕಾರದವರು ಕಡ್ಡಾಯವಾಗಿ ಕೊಡಬೇಕಾದ ಲೆವಿ ಜೋಳ ಅಳೆದುಕೊಂಡು ಹೋದದ್ದು, ನೆಲದಡಿಯ ಕಣಜವಾದ ಹಗೇವಿನಲ್ಲಿ ಬಚ್ಚಿಟ್ಟ ಎರಡು ಚೀಲವನ್ನೂ ಬಿಡದೆ ತೆಗೆಸಿದ್ದು, ಕಂಟ್ರೋಲ್ ಅಂಗಡಿಯ ಮುಂದೆ ಸೀಮೆಎಣ್ಣೆಗೆ ನಿಂತದ್ದು, ಸೀರೆ ಸಿಗದೆ ಮುತ್ತಜ್ಜಿ ಮದುವೆಯ ಸೀರೆಯನ್ನೇ ಎರಡು ತುಂಡು ಮಾಡಿ ಉಟ್ಟದ್ದು. ಅಕ್ಷರ ಸೊಟ್ಟಗಿತ್ತು, ಒತ್ತಕ್ಷರ ತಪ್ಪಿದ್ದವು. ನಾನು ಅದನ್ನು ಎರಡು ಸಲ ಓದಿದೆ. ಪಕ್ಕದಲ್ಲಿ ಕೂತಿದ್ದವರಿಗೂ ಓದಿ ಹೇಳಿದೆ. "ಚೆನ್ನಾಗಿದೆ, ಆದರೆ ಮಾದರಿಯಲ್ಲಿಲ್ಲವಲ್ಲ" ಎಂದರು ಅವರು.

ಎರಡು ಅಂಕ ಕೊಟ್ಟು, ಆ ಮುಕ್ಕಾಲು ಪುಟದ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೀಟು ಎಳೆದು, ಮುಂದಿನ ಪುಟ ತಿರುವಿದೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕ,
ಬೆಟಗೇರಿ, ಗದಗ